ಈಜುತೊಟ್ಟಿಯ ಗಂಗಮ್ಮನೂ ನನ್ನ ಮೀಸೆಯೂ

ನನ್ನ ಮೀಸೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಯಾವ ಊರಿಗೆ ಹೋದರೂ ನನಗಿಂತ ಒಂದು ಹೆಜ್ಜೆ ಮುಂದಾಗಿ ಅದೇ ಊರೊಳಕ್ಕೆ ಕಾಲಿಡುತ್ತಿತ್ತು. ನಾನು ಹುಟ್ಟಿದ್ದು ಮಧುಗಿರಿಯ ಬೆಟ್ಟದ ಬುಡದಲ್ಲಿ. ಬೆಟ್ಟವೆಂದರೆ ಒಂದೇ ಬಂಡೆ, ತಲೆಯಿಂದ ಕಾಲಿನವರೆಗೆ ಬೋಳು. ಅದರ ಮೇಲೆ ಏನೂ ಬೆಳೆಯದ ಕೊರತೆಯನ್ನು ನಾನು ನನ್ನ ಮೂಗಿನ ಕೆಳಗೆ ತೀರಿಸಿಕೊಂಡಿದ್ದೆ. ಕೊರಟಗೆರೆ ಕಡೆ ನನ್ನನ್ನು ಮೀಸೆ ಮೇಸ್ತ್ರಿ ಎನ್ನುತ್ತಿದ್ದರು. ಪಾವಗಡದ ಕಡೆ ಹೋದರೆ ಅದೇ ತೆಲುಗಿನಲ್ಲಿ ಮೀಸಾಲ ಮೇಸ್ತ್ರಿ ಆಗುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ತೆಪ್ಪಗೆ ಕೂತಿತ್ತು.

ಓದು ನನಗೆ ಹತ್ತಲಿಲ್ಲ. ಲೆಕ್ಕದ ಮೇಷ್ಟರೂ ನಾನೂ ಬಹಳ ಬೇಗ ಒಬ್ಬರನ್ನೊಬ್ಬರು ಕೈಬಿಟ್ಟೆವು. ಅಪ್ಪ ಬೈಯಲಿಲ್ಲ, ಸಿರಾಕ್ಕೆ ಕರೆದುಕೊಂಡು ಹೋಗಿ ಆಯಿಲ್ ಎಂಜಿನ್ ರಿಪೇರಿ ಮಾಡುವ ಒಬ್ಬ ಉಸ್ತಾದರ ಷೆಡ್ಡಿನಲ್ಲಿ ಬಿಟ್ಟು ಬಂದ. ಅಲ್ಲಿ ಮೊದಲು ಕಲಿತದ್ದು ಚಹಾ ತರುವುದು, ಆಮೇಲೆ ನಟ್ಟು ಬಿಚ್ಚುವುದು, ಕೊನೆಗೆ ಎಂಜಿನ್ನಿನ ಎದೆಗೆ ಕಿವಿಕೊಟ್ಟು ಅದರ ಕಾಯಿಲೆ ಹೇಳುವುದು. ಕರೆಂಟು ಬಂದು ಬಾವಿಬಾವಿಗೂ ಪಂಪ್‌ಸೆಟ್ಟು ಕೂತ ಮೇಲಂತೂ ನನಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ಸಾಮಾನಿನ ಚೀಲ ಬಸ್ಸಿನ ಟಾಪಿನ ಮೇಲೆ, ನಾನು ಡ್ರೈವರ್ ಪಕ್ಕದಲ್ಲಿ. ಯಾರ ಬಾವಿಯಲ್ಲಿ ಪಂಪು ಕೆಮ್ಮಿದರೂ ನನಗೇ ಹೇಳಿಕಳಿಸುತ್ತಿದ್ದರು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಜಂಬ ಪಡುವುದಾದರೆ ಇನ್ನೂ ಇದೆ, ಬರೆಯುತ್ತಿಲ್ಲ ಅಷ್ಟೆ.

ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲಿಟ್ಟಿದ್ದ ಒಬ್ಬ ಸಾಹುಕಾರರಿದ್ದರು. ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದರು. ಒಮ್ಮೆ ಅಲ್ಲಿಗೆ ಹೋದಾಗ ಬೀಗರು ಇವರನ್ನು ಯಾವುದೋ ಕ್ಲಬ್ಬಿಗೆ ಕರೆದೊಯ್ದು, ಅಲ್ಲಿನ ಈಜುಕೊಳ ತೋರಿಸಿ, ನಿಮ್ಮ ಸೀಮೆಯಲ್ಲಿ ಕುಡಿಯುವುದಕ್ಕಾದರೂ ನೀರಿದೆಯೋ ಇಲ್ಲವೋ ಎಂದು ನಗೆಯಾಡಿದರಂತೆ. ಬೀಗರ ನಗೆ ಎಂದರೆ ಗೊತ್ತಲ್ಲ, ಬೆನ್ನಿಗೆ ಅಂಟಿದ ನಸುಗುನ್ನಿಯ ಹಾಗೆ, ತುರಿಕೆ ನಿಲ್ಲುವುದಿಲ್ಲ. ಸಾಹುಕಾರರು ಊರಿಗೆ ಬಂದವರೇ ಮಿಲ್ಲಿನ ಹಿಂದಿನ ತೋಟದಲ್ಲಿ, ಹಳೆಯ ಬಾವಿಯ ಪಕ್ಕದಲ್ಲಿ, ಒಂದು ಈಜುತೊಟ್ಟಿ ಕಟ್ಟಿಸಿಯೇಬಿಟ್ಟರು. ತಳದಲ್ಲಿ ಬಣ್ಣಬಣ್ಣದ ಚೂರು ಕೂರಿಸಿ ಗರಿ ಬಿಚ್ಚಿದ ನವಿಲು ಮಾಡಿಸಿದರು. ನೀರು ಶುದ್ಧ ಮಾಡುವ ಫಿಲ್ಟರನ್ನು ಬೆಂಗಳೂರಿನ ಯಾವುದೋ ಹರಾಜಿನಲ್ಲಿ ಹಿಡಿದು ಲಾರಿಯಲ್ಲಿ ತರಿಸಿದರು.

ಕಟ್ಟಿದ್ದೇನೋ ಆಯಿತು, ಇಳಿಯುವವರು ಯಾರು? ಸಾಹುಕಾರರಿಗೆ ಈಜು ಬರುತ್ತಿರಲಿಲ್ಲ. ಬಾವಿಗೆ ಧುಮುಕಿ ಈಜು ಕಲಿತ ನಮ್ಮಂಥವರಿಗೆ ಅದರೊಳಗೆ ಬಿಡುತ್ತಿರಲಿಲ್ಲ. ಅವರು ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಪಾದ ನೆನೆಸಿಕೊಂಡು ಎದ್ದುಹೋಗುತ್ತಿದ್ದರು. ಒಂದು ಬೇಸಿಗೆ ಕಳೆಯುವುದರಲ್ಲಿ ನೀರೆಲ್ಲ ಪಾಚಿಗಟ್ಟಿತು. ಪಾಚಿ ಎಂದರೆ ಸುಮ್ಮನೆ ಹಸಿರಲ್ಲ, ಬಸಳೆ ಸೊಪ್ಪಿನ ಸಾರಿನ ಹಾಗೆ ಗಟ್ಟಿ. ನವಿಲು ಮುಳುಗಿದ್ದು ಮುಳುಗಿಯೇ ಹೋಯಿತು. ಬೇಲಿ ನುಗ್ಗಿ ಬಂದ ಎಮ್ಮೆಯೊಂದು ದಡದಲ್ಲಿ ನಿಂತು, ಇಳಿಯಲೋ ಬೇಡವೋ ಎಂದು ಯೋಚಿಸಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಅಷ್ಟರಲ್ಲಿ ಬೀಗರಿಂದ ಸುದ್ದಿ ಬಂತು: ಯುಗಾದಿಗೆ ಎಲ್ಲರೂ ಬರುತ್ತೇವೆ, ನಿಮ್ಮ ಈಜುಕೊಳ ನೋಡಬೇಕು. ಸಾಹುಕಾರರು ನನಗೆ ಹೇಳಿಕಳಿಸಿದರು. ಹೋಗಿ ನೋಡಿದೆ, ಮೀಸೆ ಮೇಲೆ ಕೈಯಾಡಿಸಿದೆ, ಆಗುತ್ತೆ ಬಿಡಿ ಸಾವ್ಕಾರ್ರೇ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅಲ್ಲಿಂದ ನೇರ ಕ್ಷೌರದಂಗಡಿಗೆ ಹೋದೆ.

ಕ್ಷೌರದಂಗಡಿಯವನು ನನ್ನ ಜೊತೆಯಲ್ಲೇ ಸ್ಕೂಲು ಬಿಟ್ಟವನು. ನನ್ನ ಮೀಸೆಯನ್ನು ತಿದ್ದುವ ಕೆಲಸ ಅವನದೇ. ಒಂದು ಕೂದಲು ಹೆಚ್ಚುಕಡಿಮೆಯಾದರೂ ನಾನು ಬಿಡುತ್ತಿರಲಿಲ್ಲವಾದ್ದರಿಂದ, ಆ ಮೀಸೆಯ ಮೇಲೆ ಅವನಿಗೆ ವರ್ಷಗಳ ಸಿಟ್ಟು. ಆವತ್ತು ಬೆಂಚು ತುಂಬ ಜನ. ಈಜುತೊಟ್ಟಿಯ ಮಾತು ಬಂತು. ಆ ಪಾಚಿ ಹೋಗುವುದಿಲ್ಲ, ಬೇಕಾದರೆ ಅದಕ್ಕೆ ಒಗ್ಗರಣೆ ಹಾಕಿ ಬೀಗರಿಗೆ ಬಡಿಸಬಹುದು ಎಂದ ಅವನು. ಬೆಂಚು ನಕ್ಕಿತು. ನನಗೆ ತಡೆಯಲಾಗಲಿಲ್ಲ.

"ಯುಗಾದಿ ದಿನ ದಡದಲ್ಲಿ ನಿಂತ್ರೆ ಆ ನವಿಲಿನ ಕಣ್ಣು ಕಾಣ್ಬೇಕು," ಎಂದೆ. "ಕಾಣ್ಲಿಲ್ವಾ, ಈ ಮೀಸೆ ನಿಂದು."

ಅವನು ಕತ್ತರಿ ಕೆಳಗಿಟ್ಟ. "ಕಂಡ್ರೆ ಮುಂದಿನ ಯುಗಾದಿಗಂಟ ನಿಂಗೆ ಪುಗಸಟ್ಟೆ ಕ್ಷೌರ ಕಣ್ಲಾ. ಇವ್ರೆಲ್ಲ ಸಾಕ್ಷಿ."

ಹೀಗೆ ನನ್ನ ಮೀಸೆ ಬಸಳೆ ಸಾರಿನಲ್ಲಿ ಬಿತ್ತು.

ಆ ಫಿಲ್ಟರಿನ ಹೊಟ್ಟೆಯೊಳಗೆ ಏನಿತ್ತು ಎಂಬುದನ್ನು ಈಗ ಹೇಳಬೇಕು. ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು. ಒಳಗೆ ತಳದಲ್ಲಿ ಜಲ್ಲಿ, ಅದರ ಮೇಲೆ ಮರಳು. ತೊಟ್ಟಿಯ ಗೋಡೆಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಅಂಗೈ ಹಿಡಿಸುವಷ್ಟು ಅಗಲದ ಒಂದು ಬಾಯಿ. ಪಂಪು ಆ ಬಾಯಿಂದ ನೀರು ಎಳೆದುಕೊಂಡು, ಡ್ರಮ್ಮಿನ ಮರಳಿನಲ್ಲಿ ಸೋಸಿ, ಆಚೆ ಬದಿಯಿಂದ ತೊಟ್ಟಿಗೇ ಬಿಡುತ್ತದೆ. ಬಾಯಿಗೊಂದು ಜಾಲರಿ ಇರಬೇಕಿತ್ತು, ಅದು ಹರಾಜಿನಲ್ಲೇ ಕಳೆದುಹೋಗಿತ್ತು. ಪಂಪಿನ ಹೊಟ್ಟೆಗೆ ಗಾಳಿ ಸೇರಿಕೊಂಡರೆ ಅದು ಎಳೆಯುವುದಿಲ್ಲ. ಆಗ ಪಂಪು ನಿಲ್ಲಿಸಿ, ಪಂಪಿನ ಮನೆಯ ಮೇಲಿದ್ದ ಸಿಮೆಂಟು ತೊಟ್ಟಿಯ ವಾಲ್ವು ತಿರುಗಿಸಬೇಕು. ನೀರು ಪೈಪಿನಲ್ಲಿ ಹಿಂದುಹಿಂದಕ್ಕೆ ಹರಿದು, ಗಾಳಿಯನ್ನೆಲ್ಲ ಆ ಬಾಯಿಂದಲೇ ಹೊರಕ್ಕೆ ಉಗುಳಿಸುತ್ತದೆ. ಈ ಉಗುಳುವ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಳೆಯ ಮರಳು ಕೊಳೆತಿತ್ತು. ಕೊರಟಗೆರೆ ಕಡೆ ಹೊಳೆಯಿಂದ ಗಾಡಿಯಲ್ಲಿ ಮರಳು ಹೊಡೆಸಿ, ಜರಡಿ ಹಿಡಿದು, ತೊಳೆದು ತುಂಬಿದೆ. ಆ ವಾಲ್ವಿಗೆ ಹೊಸ ಪ್ಯಾಕಿಂಗ್ ಹಾಕಿ ಒಂದು ತೊಟ್ಟೂ ಸೋರದ ಹಾಗೆ ಬಿಗಿದೆ. ಪಂಪು ಹಾಕಿದರೆ ಆಹಾ, ಆ ಬಾಯಿ ನೀರನ್ನು ಎಳೆದುಕೊಳ್ಳುವ ಚೆಂದವನ್ನು ನಿಂತು ನೋಡಬೇಕು, ದಾಹಗೊಂಡ ಎತ್ತಿನ ಹಾಗೆ. ಇನ್ನೇನು ವಾರದೊಳಗೆ ನವಿಲು ಮೇಲೆದ್ದು ಕೂಗುತ್ತದೆ ಅಂದುಕೊಂಡೆ.

ಮಂಗಳವಾರ ಫಿಲ್ಟರು ಕಟ್ಟಿಕೊಂಡಿತು. ಪಂಪು ಹೆರಿಗೆನೋವಿನವಳ ಹಾಗೆ ನರಳತೊಡಗಿತು. ಡ್ರಮ್ಮಿನೊಳಕ್ಕೆ ಉಲ್ಟಾ ನೀರು ಬಿಟ್ಟು ಕೊಳೆ ತೊಳೆದೆ, ಸರಿಹೋಯಿತು. ಶುಕ್ರವಾರ ಮತ್ತೆ ಕಟ್ಟಿಕೊಂಡಿತು. ತೊಳೆದೆ. ಮತ್ತೆ ಮಂಗಳವಾರ. ಹೊಸ ಮರಳು ಹಾಕಿದೆ, ಪೈಪು ಬಿಚ್ಚಿದೆ, ಮೋಟಾರು ಬಿಚ್ಚಿದೆ. ನಾನು ಎಷ್ಟು ಚೆನ್ನಾಗಿ ರಿಪೇರಿ ಮಾಡುತ್ತೇನೋ ಅಷ್ಟು ಬೇಗ ಕಟ್ಟಿಕೊಳ್ಳುತ್ತಿತ್ತು. ಪಾಚಿ ಮಾತ್ರ ದಿನದಿಂದ ದಿನಕ್ಕೆ ಮದುವೆ ಗೊತ್ತಾದ ಹುಡುಗಿಯ ಹಾಗೆ ಕಳೆಯೇರುತ್ತಿತ್ತು.

ಒಂದು ದಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರೆ, ಮರಳಿನ ಮೇಲೆ ಹಳದಿ ಬಣ್ಣದ ಜಿಡ್ಡು ಕೆನೆಗಟ್ಟಿದೆ. ಮೂಸಿದರೆ ಹುಳಿ ಹುಳಿ ವಾಸನೆ. ಜಿಡ್ಡು ಎಂದಮೇಲೆ ಎಣ್ಣೆ, ಎಣ್ಣೆ ಎಂದಮೇಲೆ ಮಿಲ್ಲು. ಮಿಲ್ಲಿನ ಆಳುಗಳು ಕದ್ದುಮುಚ್ಚಿ ಎಣ್ಣೆಸ್ನಾನ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿ ಹೋಗಿ ಎಗರಾಡಿದೆ. ಅವರಲ್ಲಿ ಹಿರಿಯನೊಬ್ಬ ಗಾಣದಿಂದ ಕೈ ತೆಗೆಯದೆಯೇ ಹೇಳಿದ, ಹಗಲೆಲ್ಲ ಎಣ್ಣೆಯಲ್ಲಿ ಮುಳುಗಿರುವ ನಮಗೆ ಮೈಗೆ ಎಣ್ಣೆ ಹಚ್ಚಿಕೊಳ್ಳುವ ಆಸೆ ಇರುತ್ತದೆಯೇ ಎಂದು. ಅದೂ ನಿಜವೇ. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದೆ.

ಆ ಮನೆಯಲ್ಲಿ ನನ್ನ ಕೆಲಸದ ಬೆಲೆ ತಿಳಿದವರು ಒಬ್ಬರೇ ಎಂದು ನಾನು ನಂಬಿದ್ದೆ: ಸಾಹುಕಾರರ ತಾಯಿ. ಹಣೆ ತುಂಬ ವಿಭೂತಿ, ಕೈಯಲ್ಲೊಂದು ಊರುಗೋಲು, ಮಾತಿನಲ್ಲೂ ಒಂದು. ದಿನವೂ ತೋಟಕ್ಕೆ ಬಂದು ನಿಂತು ಕೇಳುತ್ತಿದ್ದರು, "ಏನ್ ಮೇಸ್ತ್ರಿ, ಇವತ್ತು ಚೆಂದಾಗಿ ಎಳೀತದಾ?" ಎಳೆಯುತ್ತದೆ ಎಂದರೆ ಅವರ ಮುಖ ಅರಳುತ್ತಿತ್ತು. ಕಟ್ಟಿಕೊಂಡಿದೆ ಎಂದರೆ, ಬೇಗ ಸರಿಮಾಡಪ್ಪ, ಪಾಪ ಉಪವಾಸ ಇರ್ತಾಳೆ ಎನ್ನುತ್ತಿದ್ದರು. ಉಪವಾಸ ಯಾರು ಎಂದು ನನಗೆ ಹೊಳೆಯಲಿಲ್ಲ. ವಯಸ್ಸಾದವರು, ಏನೋ ಅನ್ನುತ್ತಾರೆ ಅಂದುಕೊಂಡೆ. ನಿನ್ನ ಕೈಗುಣ ಬಲು ಚೆನ್ನಾಗಿದೆ ಎಂದು ಒಮ್ಮೆ ಹೇಳಿದಾಗಲಂತೂ ನಾನು ಉಬ್ಬಿಹೋಗಿ, ಪಂಪು ಹೇಗೆ ಎಳೆಯುತ್ತದೆ, ಹೇಗೆ ಉಗುಳುತ್ತದೆ, ಯಾವ ವಾಲ್ವು ತಿರುಗಿಸಿದರೆ ಏನಾಗುತ್ತದೆ ಎಲ್ಲವನ್ನೂ ಒಂದು ಗಂಟೆ ವಿವರಿಸಿದೆ. ಅವರು ಕೋಲಿನ ಮೇಲೆ ಗಲ್ಲ ಊರಿ ಎಲ್ಲವನ್ನೂ ಕೇಳಿಸಿಕೊಂಡರು.

ಕ್ಷೌರದವನಿಗೆ ಸಾಹುಕಾರರ ಮನೆಯಲ್ಲಿ ವರ್ತನೆಯಿತ್ತು, ಎಂದರೆ ಆ ಮನೆಯ ಕ್ಷೌರವೆಲ್ಲ ಖಾಯಂ ಅವನದೇ. ಗಡ್ಡ ಮಾಡಲು ಬಂದವನು ಹೋಗುವಾಗ ತೋಟದ ಕಡೆಗೆ ಸುತ್ತುಹಾಕಿ, ತೊಟ್ಟಿಯೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿ, ನವಿಲು ತವರಿಗೆ ಹೋಗಿದೆಯಾ ಎಂದು ಕೇಳುವನು. ಒಮ್ಮೊಮ್ಮೆ ಕತ್ತಿಯನ್ನು ಅಂಗೈಮೇಲೆ ಮಸೆಯುತ್ತ ನಿಲ್ಲುವನು. ಯುಗಾದಿ ಹತ್ತಿರವಾಗುತ್ತಿತ್ತು.

ಕೊನೆಗೆ, ಆ ಬಾಯಿಗೆ ಜಾಲರಿ ಇಲ್ಲದೆ ಏನೋ ಒಳಗೆ ಹೋಗುತ್ತಿದೆ ಎಂದು ಹೊಳೆಯಿತು. ಸಿರಾಕ್ಕೆ ಹೋದೆ. ಉಸ್ತಾದರ ಷೆಡ್ಡಿನ ಪಕ್ಕದಲ್ಲೇ ತಗಡಿನ ಕೆಲಸ, ಕಲಾಯಿ ಕೆಲಸ ಮಾಡುವ ನನ್ನ ಹಳೆಯ ಸ್ನೇಹಿತನೊಬ್ಬನಿದ್ದ. ಚಹಾ ತರುತ್ತಿದ್ದ ಕಾಲದ ಜೊತೆಗಾರ. ಹಿತ್ತಾಳೆಯ ಜಾಲರಿ ಮಾಡಲು ಅಳತೆ ಬೇಕೆಂದು ಮೊದಲ ಬಸ್ಸಿಗೇ ನನ್ನೊಡನೆ ಹೊರಟ. ಶುಕ್ರವಾರ. ನಾವು ತೋಟಕ್ಕೆ ಬಂದಾಗ ಬಿಸಿಲಿನ್ನೂ ಬೆಟ್ಟದ ನೆತ್ತಿಯಲ್ಲಿತ್ತು, ಅಷ್ಟು ಬೇಗ ನಾನು ಎಂದೂ ಬಂದವನಲ್ಲ.

ತೊಟ್ಟಿಯ ದಡದಲ್ಲಿ ಹೆಂಗಸರ ಸಾಲು. ಪ್ರತಿಯೊಬ್ಬರ ಕೈಯಲ್ಲೂ ತಟ್ಟೆ. ಎಲ್ಲರ ಮುಂದೆ ಸಾಹುಕಾರರ ತಾಯಿ ಮೆಟ್ಟಿಲ ಮೇಲೆ ಕೂತು, ಆ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ತಂಬಿಗೆ ಹಾಲು ಹೊಯ್ದು, ಮೊಸರನ್ನದ ತುತ್ತು ಮಾಡಿ ಇಡುತ್ತಿದ್ದಾರೆ. ಬಾಯಿ ಸೊರಕ್ಕನೆ ಎಳೆದುಕೊಳ್ಳುತ್ತಿದೆ. ಹಿಂದೆ ಬಾಳೆಹಣ್ಣು, ಬೆಣ್ಣೆ, ಸೇವಂತಿಗೆ.

ಸಿರಾದವನು ನನ್ನ ತೋಳು ಹಿಡಿದುಕೊಂಡ. "ಭಾಯ್, ನಿಮ್ ಫಿಲ್ಟರ್‌ಗೆ ನಾಷ್ಟಾ ಮಾಡಿಸ್ತಾವ್ರೆ."

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಮ್ಮ ಕಡೆ ದೇವರಿಗೆ ಹೂ ಕೇಳುವ ಪದ್ಧತಿಯಿದೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೂತರೆ, ದೇವರ ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ ಎಂದರ್ಥ, ಎಡಗಡೆಯಿಂದ ಬಿದ್ದರೆ ಇಲ್ಲ. ಒಮ್ಮೊಮ್ಮೆ ಬೀಳುವುದೇ ಇಲ್ಲ, ಕಾದು ಕಾದು ಕಾಲು ಜೋಮು ಹಿಡಿಯುತ್ತದೆ. ಇಲ್ಲಿ ಆ ತೊಂದರೆಯೇ ಇಲ್ಲ. ಕೇಳಿಕೊಂಡು ಹೂವನ್ನು ನೀರಿಗೆ ಬಿಟ್ಟರೆ ಸಾಕು, ತೇಲಿಕೊಂಡು ಹೋಗಿ ಬಾಯೊಳಗೆ ಮಾಯ. ನೀರೊಳಗಿನ ಗಂಗಮ್ಮ ಒಪ್ಪಿದಳು ಎಂದರ್ಥ. ಒಬ್ಬಾಕೆ ಮಗನಿಗೆ ಕೊರಟಗೆರೆಯ ಹೆಣ್ಣು ಆಗಬಹುದೇ ಎಂದು ಕೇಳಿದಳು, ಸೊರಕ್. ಇನ್ನೊಬ್ಬಳು ಅತ್ತೆ ಬೇರೆ ಮನೆ ಮಾಡುತ್ತಾಳೆಯೇ ಎಂದು ಕೇಳಿದಳು, ಅದೂ ಸೊರಕ್. ನನ್ನ ಪಂಪು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಬೀದಿ ಬೀದಿಗೆ ಸುದ್ದಿ ಹೋಗದೆ ಇನ್ನೇನು. ಫಿಲ್ಟರು ಕಟ್ಟಿಕೊಂಡ ದಿನ ಹೂ ಅಲ್ಲೇ ನಿಂತುಬಿಡುತ್ತಿತ್ತು, ಆಗ ಗಂಗಮ್ಮ ಮುನಿದಿದ್ದಾಳೆ, ಮೇಸ್ತ್ರಿಯನ್ನು ಕರೆಸಿ ಎನ್ನುತ್ತಿದ್ದರಂತೆ.

ಹೆಂಗಸರು ಹೋದ ಮೇಲೆ ನಾನು ಹತ್ತಿರ ಹೋಗಿ, ಅಮ್ಮಾರೇ, ಇದೆಲ್ಲ ಮೆಷಿನ್ನಿನೊಳಕ್ಕೆ ಹೋಗಿ ಕೊಳೆಯುತ್ತದೆ, ಪಾಚಿಗೆ ಇದೇ ಗೊಬ್ಬರ ಎಂದು ಮೆಲ್ಲಗೆ ಬಿಡಿಸಿ ಹೇಳಿದೆ. ಜಾಲರಿ ಹಾಕುತ್ತೇವೆ ಎಂದೆ.

"ತಾಯಿ ಬಾಯಿಗೆ ಕುಕ್ಕೆ ಕಟ್ತೀಯಾ, ಕಣದಲ್ಲಿ ಎತ್ತಿಗೆ ಕಟ್ಟೋ ಹಂಗೆ?" ಎಂದರು. ಆಮೇಲೆ ದನಿ ತಗ್ಗಿಸಿದರು. "ನೋಡು ಮೇಸ್ತ್ರಿ, ಈ ಮನೆಗೆ ಬಂದ ಲಾಗಾಯ್ತು ಆ ಬಾವಿಗೆ ಅರಿಶಿನ ಹಾಕಿದ್ದೀನಿ, ಹಾಲು ಹಾಕಿದ್ದೀನಿ. ಒಂದಿನಾನಾದ್ರೂ ತಗಂಡೆ ಕಣಮ್ಮ ಅಂತ ಅಂದಿಲ್ಲ. ಇವ್ಳು ನೋಡು, ಕೈಯಿಂದ ಕಿತ್ಕಂಡು ತಿಂತಾಳೆ. ಬ್ಯಾಡ ಅನ್ನೋಕೆ ನಾನ್ಯಾರು, ನೀನ್ಯಾರು?"

ಅಲ್ಲಿಂದ ನೇರ ಸಾಹುಕಾರರ ಹತ್ತಿರ ಹೋದೆ. ಅವರು ಮೊದಲು ಬಾಗಿಲು ಹಾಕಿಕೊಂಡರು. ಮಿಲ್ಲಿನಲ್ಲಿ ಹುಲಿಯ ಹಾಗಿದ್ದವರು, ತಾಯಿಯ ವಿಷಯ ಬಂದರೆ ತುಳಸಿಕಟ್ಟೆಯ ಹಿಂದಿನ ಬೆಕ್ಕು. ನೀನೇ ಏನಾದರೂ ಉಪಾಯ ಮಾಡು, ಬೀಗರ ಮುಂದೆ ನನ್ನ ಮಾನ ಉಳಿಸು, ಆದರೆ ನನ್ನ ಹೆಸರು ತರಬೇಡ ಎಂದರು.

ಸಾಹುಕಾರರ ಮಾನ ಅವರದು. ನನ್ನದು ನನ್ನ ಮೂಗಿನ ಕೆಳಗೇ ಇತ್ತು. ಸಿರಾದವನೂ ನಾನೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಯೋಚಿಸಿದೆವು. ಗಂಗಮ್ಮನಿಗೆ ನಾವು ಬೇಡ ಎನ್ನಬಾರದು ಸರಿ. ಗಂಗಮ್ಮನೇ ಬೇಡ ಎಂದರೆ? ಎರಡನೇ ಟೀ ಬರುವಷ್ಟರಲ್ಲಿ ಎಲ್ಲವೂ ಸಿದ್ಧವಾಗಿತ್ತು.

ಮಂಗಳವಾರ ಬೆಳಗ್ಗೆ ಸಿರಾದವನು ಪಂಪಿನ ಮನೆಯಲ್ಲಿ ಅಡಗಿ ಕೂತ. ನಾನೊಮ್ಮೆ ಕೆಮ್ಮಿದರೆ ಪಂಪು ನಿಲ್ಲಿಸಿ, ಮೇಲಿನ ತೊಟ್ಟಿಯ ವಾಲ್ವು ತಿರುಗಿಸಬೇಕು. ನೀರು ಹಿಂದಕ್ಕೆ ಹರಿದು ಬಾಯಿಂದ ಹೊರಕ್ಕೆ ಬರುತ್ತದೆ. ಇನ್ನೊಮ್ಮೆ ಕೆಮ್ಮಿದರೆ ವಾಲ್ವು ಮುಚ್ಚಿ ಪಂಪು ಹಾಕಬೇಕು. ಪಂಪು ನಿಂತದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ, ಪಕ್ಕದ ಮಿಲ್ಲಿನ ಸದ್ದು ಅಷ್ಟಿತ್ತು.

ನಾನು ತಲೆಗೆ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು, ಹೆಂಗಸರ ನಡುವೆ, ನೀರಿಗೆ ಮುಳುಗಿದ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತೆ. ಅಮ್ಮಾರೇ, ನೀವು ಹೇಳಿದ್ದೇ ಸರಿ, ನಾವ್ಯಾರು ಹೇಳುವುದಕ್ಕೆ, ಆದರೆ ತಾಯಿಗೆ ಊಟ ಬಾಯಿಗೇ ಹಾಕುವುದು ಇಷ್ಟವೋ ಅಥವಾ ತವರುಮನೆಯಾದ ಬಾವಿಯ ಹತ್ತಿರ ಎಡೆಯಿಟ್ಟರೆ ಇಷ್ಟವೋ, ಅವಳನ್ನೇ ಒಂದು ಮಾತು ಕೇಳಿಬಿಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಂದು ಸೇವಂತಿಗೆ ತೆಗೆದುಕೊಂಡರು.

"ತಾಯಿ, ಇಲ್ಲೇ ನಿನ್ನ ಬಾಯಿಗೇ ಹಾಕೋದು ನಿಂಗೆ ಇಷ್ಟಾನಾ? ಇದ್ರೆ ತಗೋ."

ನಾನು ಕೆಮ್ಮಿದೆ. ಹೂ ಬಾಯಿಯ ಹತ್ತಿರ ಹೋಯಿತು, ತಡೆಯಿತು, ಒಂದು ಸುತ್ತು ತಿರುಗಿತು. ಬಾಯಿಂದ ಗುಳುಗುಳು ಎಂದು ನೀರುಕ್ಕಿ ಹೂವನ್ನು ಹಿಂದಕ್ಕೆ ತಳ್ಳಿ ತಂದು ಮೆಟ್ಟಿಲಿಗೆ ಬಿಟ್ಟಿತು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ನನಗೆ ಮೈಯೆಲ್ಲ ನಗು, ಮುಖದಲ್ಲಿ ಮಾತ್ರ ಭಕ್ತಿ. ಮತ್ತೊಮ್ಮೆ ಕೆಮ್ಮಿದೆ, ಕೆಲಸ ಮುಗಿಯಿತಲ್ಲ ಎಂದು.

ಅವರು ಏಳಲಿಲ್ಲ. ಇನ್ನೊಂದು ಹೂ ತೆಗೆದುಕೊಂಡರು. "ಇವಳ ನೀರಿನ ಮ್ಯಾಲೆ ನೀನು ಕ್ಷೌರದಂಗ್ಡೀಲಿ ಪಂತ ಕಟ್ಟಿದ್ದೀಯಂತೆ, ಹೌದಾ?"

ಗಡ್ಡ ಮಾಡಲು ಬರುತ್ತಿದ್ದವನು ಬರೀ ಗಡ್ಡ ಮಾಡಿ ಹೋಗುತ್ತಿರಲಿಲ್ಲ ಎಂದು ಆಗ ತಿಳಿಯಿತು.

"ಅದನ್ನೂ ಕೇಳ್ಬುಡಾನ," ಎಂದು ಅವರು ಹೂವನ್ನು ನೀರಿಗೆ ಬಿಟ್ಟರು. "ತಾಯಿ, ಈ ಮೇಸ್ತ್ರಿ ಮುಖದ ಮ್ಯಾಲೆ ಆ ಮೀಸೆ ಇರ್ಬೇಕಾ? ಇರ್ಬೇಕು ಅಂದ್ರೆ ತಗೋ."

ಬಾಯಿಂದ ನೀರು ಇನ್ನೂ ಉಕ್ಕುತ್ತಲೇ ಇತ್ತು. ಕೆಮ್ಮಿದೆ. ಉಕ್ಕುತ್ತಿತ್ತು. ಜೋರಾಗಿ ಕೆಮ್ಮಿದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು, ಕರಿಮೆಣಸಿನ ಕಷಾಯ ಕುಡಿಯಣ್ಣ ಎಂದಳು. ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದೆ. ಅತ್ತ ಪಂಪಿನ ಮನೆಯಲ್ಲಿ ಸಿರಾದವನು ಆ ವಾಲ್ವಿನ ಚಕ್ರಕ್ಕೆ ಜೋತುಬಿದ್ದಿದ್ದನಂತೆ. ಒಂದು ತೊಟ್ಟೂ ಸೋರಬಾರದೆಂದು ನಾನೇ ಬಿಗಿದಿದ್ದ ಹೊಸ ಪ್ಯಾಕಿಂಗು. ಬಿಚ್ಚುವಾಗ ಬಿಚ್ಚಿಕೊಂಡಿತ್ತು, ಮುಚ್ಚುವಾಗ ಜಪ್ಪಯ್ಯ ಎನ್ನಲಿಲ್ಲ.

ಹೂ ನಿಧಾನವಾಗಿ ಹಿಂದಕ್ಕೆ ಬಂತು. ಸುತ್ತ ನಿಂತ ಅಷ್ಟೂ ಜನರನ್ನು ಬಿಟ್ಟು, ನನ್ನ ಕಾಲಿಗೇ ಬಂದು ತಗುಲಿತು.

ಅದು ಗಂಗಮ್ಮನಲ್ಲ, ವಾಲ್ವು ಎಂದರೆ ಮೊದಲನೆಯ ಹೂವೂ ವಾಲ್ವೇ ಆಗುತ್ತದೆ. ಮೊದಲನೆಯದು ಗಂಗಮ್ಮ ಎಂದರೆ ಎರಡನೆಯದೂ ಗಂಗಮ್ಮನೇ. ಯುಗಾದಿಯವರೆಗಾದರೂ ಇರಲಿ, ಪಂತ ಮುಗಿಯುವ ತನಕ ನನ್ನ ಮುಖ ನನಗೆ ಬೇಕು ಎಂದು ಗೋಗರೆದೆ. ಅವರು ಉದಾರವಾಗಿ ಒಪ್ಪಿದರು. "ಯುಗಾದಿಗಂಟ ಇಟ್ಕೋ. ಆಮ್ಯಾಕೆ ಕೊಟ್ಬುಡು. ತಾಯಿ ಹತ್ರ ಸಾಲ ಬ್ಯಾಡ."

ಆದರೆ ಕೆಲಸದ ಮಟ್ಟಿಗೆ ನಾನು ಗೆದ್ದಿದ್ದೆ. ಎಡೆ ಬಾವಿಯ ಕಟ್ಟೆಗೆ ಹೋಯಿತು. ಜಾಲರಿ ಬಾಯಿಗೆ ಕೂತಿತು, ಅದನ್ನು ತಾಯಿಗೆ ಹಿತ್ತಾಳೆಯ ಮೂಗುತಿ ಎಂದು ಹೇಳಿ ಒಪ್ಪಿಸಿದೆ. ಬಿದಿರ ಗಳುವಿನ ತುದಿಗೆ ತೆಂಗಿನ ನಾರು ಕಟ್ಟಿ ಗೋಡೆಯನ್ನೆಲ್ಲ ಉಜ್ಜಿದೆವು, ಪಾಚಿ ಚಾಪೆ ಚಾಪೆಯಾಗಿ ಕಳಚಿ ಬಂತು. ಬಕೆಟ್ಟಿನಲ್ಲಿ ಎತ್ತಿ ತೆಂಗಿನ ಬುಡಕ್ಕೆ ಸುರಿದೆವು. ಒಂದು ಬಟ್ಟೆಗಂಟಿನಲ್ಲಿ ಅಷ್ಟಿಷ್ಟು ಮೈಲುತುತ್ತ ಕಟ್ಟಿ ನೀರಿನಲ್ಲಿ ಅತ್ತಿತ್ತ ಎಳೆದಾಡಿದೆವು, ಉಳಿದ ಹಸಿರು ಸತ್ತು ಬೂದಿಯಾಯಿತು. ಆಮೇಲೆ ಪಟಿಕ ಕದಡಿಬಿಟ್ಟೆವು, ಆ ಬೂದಿಯೆಲ್ಲ ತಳಕ್ಕಿಳಿಯಿತು. ಅದನ್ನು ಪೈಪಿನಿಂದ ಹೀರಿ ಹೊರಚೆಲ್ಲಿ, ಫಿಲ್ಟರು ಹಾಕಿದೆ. ಮೈಮುರಿಯುವ ಕೆಲಸ. ಅಂಗೈ ಚರ್ಮ ಸುಲಿದುಹೋಗಿತ್ತು. ಪಂಪು ಮಾತ್ರ ಒಮ್ಮೆಯೂ ನರಳಲಿಲ್ಲ. ಮಂಗಳವಾರ ಬಂತು, ಎಳೆಯಿತು. ಶುಕ್ರವಾರ ಬಂತು, ಎಳೆಯಿತು. ಮೊದಲು ನವಿಲಿನ ಗರಿಯ ಅಂಚು ಕಂಡಿತು, ಆಮೇಲೆ ಕೊರಳಿನ ನೀಲಿ.

ಯುಗಾದಿಯ ದಿನ ದಡದಲ್ಲಿ ನಿಂತರೆ, ಕಣ್ಣೇನು, ಕಣ್ಣಿಗೆ ಕೂರಿಸಿದ್ದ ಕಪ್ಪು ಚೂರಿನಲ್ಲಿದ್ದ ಬಿರುಕೂ ಕಾಣುತ್ತಿತ್ತು. ಬೀಗರು ಬಂದರು, ನೋಡಿದರು, ಹುಬ್ಬೇರಿಸಿದರು. ಅವರಲ್ಲಿ ಹಿರಿಯರು ಒಂದು ಕಾಲಿನ ಹೆಬ್ಬೆರಳು ಅದ್ದಿ, ಬಹಳ ತಣ್ಣಗಿದೆ ಎಂದು ಹೇಳಿ ಊಟಕ್ಕೆ ಹೊರಟುಹೋದರು. ಅಷ್ಟಕ್ಕೇ ಸಾಹುಕಾರರ ಎದೆ ಒಂದು ಗೇಣು ಅಗಲವಾಯಿತು. ಕ್ಷೌರದವನನ್ನು ನಾನೇ ಕೈಹಿಡಿದು ಕರೆತಂದೆ. ಅತ್ತ ಬಗ್ಗಿದ, ಇತ್ತ ಬಗ್ಗಿದ, ಕೊನೆಗೆ ಒಪ್ಪಿಕೊಂಡ. ಮುಂದಿನ ಯುಗಾದಿಯವರೆಗೆ ನಿನ್ನ ಕ್ಷೌರ ನನ್ನದು ಎಂದ.

ಸಾಹುಕಾರರ ತಾಯಿ ಒಳಗೆ ಕರೆದು ಬೇವುಬೆಲ್ಲ ಕೊಟ್ಟರು. ಬೆಲ್ಲ ಹೆಚ್ಚಾಗಿಯೇ ಹಾಕಿದ್ದರು. ಆಮೇಲೆ ಮುತ್ತುಗದೆಲೆಯಲ್ಲಿ ಕಟ್ಟಿದ ಹೋಳಿಗೆಯ ಪೊಟ್ಟಣ ಒಂದನ್ನು ಕೈಗಿಟ್ಟರು, ಅದರ ಮೇಲೆ ಇನ್ನೊಂದನ್ನು.

"ಇದು ಸಿರಾದ ಸಾಬ್ರಿಗೆ ಕಣಪ್ಪ. ಅವತ್ತು ಪಂಪಿನ ಮನೇಲಿ ಆ ಚಕ್ರ ಹಿಡ್ಕಂಡು ಬಾಳ ಒದ್ದಾಡ್ತಿದ್ದ, ಪಾಪ."

ಯಾವ ವಾಲ್ವು ತಿರುಗಿಸಿದರೆ ಏನಾಗುತ್ತದೆ ಎಂದು ಅವರಿಗೆ ಒಂದು ಗಂಟೆ ಪಾಠ ಹೇಳಿದವನು ನಾನೇ ತಾನೆ. ಅವರು ತಮ್ಮ ಮೇಲ್ದುಟಿಯ ಮೇಲೆ ಬೆರಳನ್ನು ಅಡ್ಡಡ್ಡ ಒಮ್ಮೆ ಎಳೆದು ತೋರಿಸಿ, ಬೀಗಿತ್ತಿಯರ ಕಡೆಗೆ ಹೊರಟುಹೋದರು.

ಹೀಗೆ, ನಾನು ಗೆದ್ದ ಪುಗಸಟ್ಟೆ ಕ್ಷೌರಗಳಲ್ಲಿ ಮೊದಲನೆಯದಕ್ಕೇ ನನ್ನ ಮೀಸೆ ಹೋಯಿತು. ಬೆಂಚಿನ ಮೇಲೆ ಅದೇ ಜನ. ಕ್ಷೌರದವನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಸೋತವನು ನಾನು ಕಣ್ಲಾ, ನೀನ್ಯಾಕೆ ಬೋಳಿಸ್ಕೊಳ್ತೀಯ ಎಂದು ಕೇಳಿದ. ಹರಕೆ ಎಂದೆ. ಅವನು ಸೋಪು ಹಚ್ಚಿ, ಕತ್ತಿ ಹಿಡಿದು, ಅಭ್ಯಾಸದಂತೆ ಎರಡೂ ತುದಿ ಸಮವಾಗಿದೆಯೇ ಎಂದು ನೋಡಿದ. ಇಷ್ಟು ವರ್ಷ ತಿದ್ದಿದ್ದೀನಿ ಎಂದ. ಕೆಲಸ ಮುಗಿದ ಮೇಲೆ ಕನ್ನಡಿ ತೋರಿಸಿದ. ಕನ್ನಡಿಯಲ್ಲಿ ನಮ್ಮ ಬೆಟ್ಟವೇ ಕೂತಿತ್ತು.

ಮರುದಿನ ಹೋಳಿಗೆ ಹಿಡಿದು ಸ್ನೇಹಿತನ ಮನೆಗೆ ಕೊಟ್ಟುಬರಲು ಸಿರಾ ಬಸ್ಸು ಹತ್ತಿದೆ. ಟಾಪಿನ ಮೇಲೆ ಚೀಲ ಹಾಕುತ್ತಿದ್ದಾಗ ಕಂಡಕ್ಟರು, ಅದು ಮೀಸೆ ಮೇಸ್ತ್ರಿ ಸಾಮಾನು, ಮುಟ್ಟಬೇಡ ಎಂದು ನನ್ನನ್ನೇ ಗದರಿಸಿದ. ಸಿರಾದಲ್ಲಿ ಬಾಗಿಲು ತಟ್ಟಿದೆ. ಸ್ನೇಹಿತ ಬಾಗಿಲು ತೆರೆದು, ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, "ಯಾರು ಬೇಕಿತ್ತು?" ಎಂದ.

ಹೋಳಿಗೆಯ ಪೊಟ್ಟಣ ಬಿಚ್ಚಿ, ಚಕ್ರ ಹಿಡಿದು ಒದ್ದಾಡಿದವನಿಗೆ ಅಮ್ಮಾರು ಕೊಟ್ಟದ್ದು ಎಂದ ಮೇಲೆಯೇ ಗುರುತು ಹಿಡಿದದ್ದು.